ಥಾಲಿಯಂ ಟೆಸ್ಟ್‌ಗೆ ಹೊರಟವರು ದಾರಿಯಲ್ಲಿ ಚಹಾ ಕುಡಿಯಬೇಡಿ

ಅಘನಾಶಿನಿ (ಕುಮಟಾ)

ನಮ್ಮ ಅಪ್ಪನಿಗೆ 68 ವರ್ಷ. ಮೂರು ತಿಂಗಳಿಂದ ಮನೆ ಹಿಂದಿನ ದಿಬ್ಬ ಹತ್ತುವಾಗ ಎದೆ ಬಿಗಿ ಹಿಡಿಯುತ್ತಿತ್ತು. ಎರಡು ನಿಮಿಷ ನಿಂತರೆ ಕಡಿಮೆಯಾಗುತ್ತಿತ್ತು. ಇಸಿಜಿ ಸರಿ ಇತ್ತು, ಎಕೋ ಕೂಡ ಸರಿ ಇತ್ತು. ಮೊಣಕಾಲು ನೋವಿನಿಂದ ಟ್ರೆಡ್‌ಮಿಲ್ ಮೇಲೆ ನಡೆಯಲು ಆಗಲಿಲ್ಲ. ಹಾಗಾಗಿ ಡಾಕ್ಟರ್ ನ್ಯೂಕ್ಲಿಯರ್ ಸ್ಕ್ಯಾನ್ ಬರೆದುಕೊಟ್ಟರು. ಚೀಟಿಯಲ್ಲಿ ‘ಸ್ಟ್ರೆಸ್ ಎಂಪಿಐ’ ಅಂತ ಇತ್ತು, ಅಂದರೆ ಹೃದಯಕ್ಕೆ ಶ್ರಮ ಕೊಟ್ಟು ಅದರ ಮಾಂಸಕ್ಕೆ ರಕ್ತ ಸಾಕಷ್ಟು ಹೋಗುತ್ತದೆಯಾ ಅಂತ ನೋಡುವ ಸ್ಕ್ಯಾನ್. ಫೋನಿನಲ್ಲಿ, ಕೌಂಟರಿನಲ್ಲಿ ಎಲ್ಲರೂ ಅದನ್ನು ‘ಥಾಲಿಯಂ ಟೆಸ್ಟ್’ ಅಂದರು.

‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂತ ಮಾತ್ರ ಹೇಳಿದ್ದರು. ಬೆಳಗಿನ ನಾಲ್ಕಕ್ಕೆ ಬಾಡಿಗೆ ಕಾರಿನಲ್ಲಿ ಹೊರಟೆವು. ಭಟ್ಕಳದಲ್ಲಿ ಅಪ್ಪ ‘ಒಂದು ಚಹಾ ಕುಡಿಯುತ್ತೇನೆ, ಅದೇನು ತಿಂಡಿಯಾ’ ಅಂದರು. ನಾನೂ ಬೇಡ ಅನ್ನಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆಯೇ ‘ನಿನ್ನೆಯಿಂದ ಚಹಾ, ಕಾಫಿ ಏನಾದರೂ?’ ಅಷ್ಟೇ, ವಾಪಸ್ ಕಳಿಸಿದರು. ಹೊಸ ತಾರೀಕು ಹನ್ನೆರಡು ದಿನ ಆದ ಮೇಲೆ. ಹೊನ್ನಾವರದವರೆಗೂ ಅಪ್ಪ ಮಾತೇ ಆಡಲಿಲ್ಲ. ಆಮೇಲೆ ‘ನನ್ನಿಂದಲೇ ಹಾಳಾಯ್ತು’ ಅಂದರು. ಅವರ ತಪ್ಪಲ್ಲ. ಯಾರೂ ಹೇಳಿರಲಿಲ್ಲ.

ಆ ಮಾತು ಕೇಳಿ ನನಗೆ ತುಂಬಾ ಬೇಜಾರಾಯಿತು. ಹಾಗಾಗಿ ಸಿಕ್ಕಿದವರನ್ನೆಲ್ಲ ಕೇಳಿ, ಓದಿ, ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಸ್ಕ್ಯಾನ್‌ಗೆ ನಮ್ಮವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ದೂರದೂರ ಹೋಗುವವರು. ಆ ಊರಿನವರಿಗೆ ಇನ್ನೊಮ್ಮೆ ಬರುವುದು ಅಂದರೆ ಒಂದು ಆಟೋ ಅಷ್ಟೇ. ನಮಗೆ ಒಂದು ಕಾರು, ಒಂದು ಇಡೀ ದಿನ, ಜೊತೆಗೆ ಬರುವವರ ಕೂಲಿ.

ಚಹಾ ಯಾಕೆ ಬೇಡ ಅಂದರೆ, ನಡೆಯಲು ಆಗದವರಿಗೆ ಅಡೆನೊಸಿನ್ ಅನ್ನುವ ಔಷಧಿಯನ್ನು ನರಕ್ಕೆ ಕೊಡುತ್ತಾರೆ. ಅದು ಹೃದಯದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಅಡೆನೊಸಿನ್ ಹೋಗಿ ಕೂರುವ ಜಾಗದಲ್ಲೇ ಕೆಫೀನ್ ಹೋಗಿ ಕೂರುತ್ತದೆ. ಕೆಫೀನ್ ಮೊದಲೇ ಕೂತಿದ್ದರೆ ಔಷಧಿ ಕೆಲಸ ಮಾಡುವುದಿಲ್ಲ. ಆಗ ತೊಂದರೆ ಇದ್ದರೂ ಸ್ಕ್ಯಾನ್ ‘ನಾರ್ಮಲ್’ ಅಂತ ಬರಬಹುದು. ವಾಪಸ್ ಕಳಿಸಿದ್ದು ಸರಿಯೇ. ಮುಂಚೆ ಹೇಳದೇ ಇದ್ದದ್ದು ತಪ್ಪು.

ಕೆಲವು ಕಡೆ 12 ತಾಸು ಬಿಡಿ ಅನ್ನುತ್ತಾರೆ, ಹಲವು ಕಡೆ 24 ತಾಸು. ದೂರದವರು 24 ತಾಸು ಬಿಡುವುದೇ ಒಳ್ಳೆಯದು. ಚಹಾ, ಕಾಫಿ, ಕೋಲಾ, ಚಾಕೊಲೇಟ್, ಕೋಕೋ ಹಾಕಿದ ಹಾಲಿನ ಪುಡಿ, ಎಲ್ಲ ಸೇರಿತು. ಕೆಫೀನ್ ತೆಗೆದ ಕಾಫಿ ಅಂತ ಸಿಗುತ್ತದಲ್ಲ, ಅದರಲ್ಲೂ ಸ್ವಲ್ಪ ಉಳಿದಿರುತ್ತದೆ. ತಲೆನೋವಿಗೆ ಸುಮ್ನೆ ನುಂಗುವ ಸಾರಿಡಾನ್, ಅನಾಸಿನ್ ಮಾತ್ರೆಗಳಲ್ಲೂ ಕೆಫೀನ್ ಇದೆ. ಚಹಾ ಬಿಟ್ಟವರಿಗೆ ಮಾರನೇ ದಿನ ತಲೆ ಸಿಡಿಯುತ್ತದೆ, ಆಗ ಇದನ್ನೇ ನುಂಗುತ್ತಾರೆ. ಬೇಡ. ಬರೀ ಪ್ಯಾರಾಸಿಟಮಾಲ್ ಆಗಬಹುದಾ ಅಂತ ಕೇಳಿಕೊಳ್ಳಿ.

ಈ ಸ್ಕ್ಯಾನ್ ಆದವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ತೋಟದಮನೆ (ಶಿರಸಿ)

ಒಳ್ಳೆ ಕೆಲಸ ಮಾಡಿದಿರಿ ಮಾರಾಯ್ರೆ. ನನಗೆ ಎರಡು ಪ್ರಶ್ನೆ. ನಾವು ಚಹಾಕ್ಕಿಂತ ಕಷಾಯ ಕುಡಿಯುವುದು ಜಾಸ್ತಿ. ಕೊತ್ತಂಬರಿ, ಜೀರಿಗೆ ಹುರಿದು ಮಾಡಿದ್ದು. ಅದು ನಡೆಯುತ್ತದಾ? ಇನ್ನೊಂದು, ಕವಳ (ಎಲೆ ಅಡಿಕೆ). ನಮ್ಮ ಅಪ್ಪಯ್ಯನಿಗೆ ಊಟ ಬಿಟ್ಟರೂ ಆದೀತು, ಕವಳ ಬಿಡಲು ಆಗುವುದಿಲ್ಲ.

ಗಾಮಾ_ಕ್ಯಾಮೆರಾ (ಊರು ಹೊನ್ನಾವರ)

ನಾನು ಬೇರೆ ಜಿಲ್ಲೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ಹತ್ತು ವರ್ಷದಿಂದ ದಿನಾ ಇದೇ ಕೆಲಸ. ಕುಮಟಾದವರ ಮಾತು ಓದಿ ಸಂಕಟ ಆಯಿತು. ಕರಾವಳಿಯಿಂದ ರಾತ್ರಿ ಹೊರಟು ಬಂದವರನ್ನು ನಾನೂ ವಾಪಸ್ ಕಳಿಸಿದ್ದೇನೆ. ಅದು ಸುಲಭದ ಮಾತಲ್ಲ.

ಕಷಾಯದಲ್ಲಿ ಕೆಫೀನ್ ಇಲ್ಲ. ಹಿಂದಿನ ದಿನ ಧಾರಾಳ ಕುಡಿಯಿರಿ. ಮುರುಗಲ ಪಾನಕ, ಮಜ್ಜಿಗೆ, ಎಳನೀರು ಯಾವುದಕ್ಕೂ ಅಡ್ಡಿ ಇಲ್ಲ. ಆದರೆ ಪರೀಕ್ಷೆಗೆ ಮುಂಚಿನ ನಾಲ್ಕು ತಾಸು ಹೊಟ್ಟೆ ಖಾಲಿ ಇರಬೇಕು. ಆಗ ನೀರು ಮಾತ್ರ. ಕವಳದಲ್ಲಿ ತಂಬಾಕು ಇದ್ದರೆ ಅವತ್ತು ಬೆಳಿಗ್ಗೆ ಅದೂ ಬೇಡ. ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ. ಬೀಡಿ, ಸಿಗರೇಟಿಗೂ ಇದೇ ಮಾತು.

ಹೆಸರಿನ ಗೊಂದಲ ಮೊದಲು ಬಗೆಹರಿಸುತ್ತೇನೆ. ಹಿಂದೆ ಈ ಸ್ಕ್ಯಾನ್‌ಗೆ ಥಾಲಿಯಂ-201 ಅನ್ನುವ ವಿಕಿರಣ ಸೂಸುವ ವಸ್ತು ಬಳಸುತ್ತಿದ್ದರು. ಅದರಿಂದ ಜನರ ಬಾಯಲ್ಲಿ ‘ಥಾಲಿಯಂ’ ಉಳಿದುಬಿಟ್ಟಿದೆ. ಈಗ ಹೆಚ್ಚಿನ ಕಡೆ ಬಳಸುವುದು ಟೆಕ್ನೀಷಿಯಂ-99ಎಂ. ಥಾಲಿಯಂನ ವಿಕಿರಣ ಅರ್ಧಕ್ಕೆ ಇಳಿಯಲು ಮೂರು ದಿನ ಬೇಕು. ಟೆಕ್ನೀಷಿಯಂಗೆ 6 ತಾಸು ಸಾಕು. ನಿಮಗೆ ಕೊಡುವುದು ಯಾವುದು ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನು ಅವತ್ತು ಏನಾಗುತ್ತದೆ ಅಂತ ಹೇಳುತ್ತೇನೆ. ನರಕ್ಕೆ ಒಂದು ಸೂಜಿ ಹಾಕಿ ಬಿಡುತ್ತಾರೆ. ನಡೆಯಲು ಆಗುವವರನ್ನು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. 220ರಿಂದ ವಯಸ್ಸು ಕಳೆಯಿರಿ, ಅದರ ಶೇ. 85ರಷ್ಟು ನಾಡಿ ಬಡಿತ ಬರಬೇಕು. 68 ವರ್ಷದವರಿಗೆ ಸುಮಾರು 129. ಅಷ್ಟು ಬಂದಾಗ ಟೆಕ್ನೀಷಿಯಂ ಸೇರಿಸಿದ ಔಷಧಿಯನ್ನು ಸೂಜಿಯಲ್ಲಿ ಬಿಡುತ್ತೇವೆ, ಇನ್ನೊಂದು ನಿಮಿಷ ನಡೆಸುತ್ತೇವೆ. ನಡೆಯಲು ಆಗದವರಿಗೆ ಅಡೆನೊಸಿನ್. ಇಲ್ಲಿ ಒಂದು ಮಾತು ಮುಂಚೆಯೇ ತಿಳಿದಿರಲಿ. ಅಡೆನೊಸಿನ್ ಹೋಗುವಾಗ ಮುಖ ಬಿಸಿಯಾಗುತ್ತದೆ, ಎದೆ ಒತ್ತಿದ ಹಾಗೆ ಆಗುತ್ತದೆ, ಉಸಿರು ಸಿಕ್ಕಿಕೊಂಡ ಹಾಗೆ ಅನಿಸುತ್ತದೆ. ತುಂಬಾ ಜನ ‘ಹಾರ್ಟ್ ಅಟ್ಯಾಕ್ ಬಂತು’ ಅಂತ ಕೈ ಹಿಡಿದುಕೊಳ್ಳುತ್ತಾರೆ. ಔಷಧಿ ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ಅದು ಇಳಿಯುತ್ತದೆ, ಯಾಕೆಂದರೆ ಅಡೆನೊಸಿನ್ ರಕ್ತದಲ್ಲಿ ಕೆಲವೇ ಸೆಕೆಂಡು ಉಳಿಯುತ್ತದೆ. ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆ, ಇಸಿಜಿ ಓಡುತ್ತಿರುತ್ತದೆ. ದೊಡ್ಡ ತೊಂದರೆ ಆಗುವುದು ತೀರಾ ಅಪರೂಪ. ಆದರೆ ಆಗುವುದೇ ಇಲ್ಲ ಅಂತಲ್ಲ. ಸಹಿ ಹಾಕುವ ಕಾಗದವನ್ನು ಓದಿಸಿಕೊಂಡು ಸಹಿ ಹಾಕಿ.

ಆಮೇಲೆ ಮುಕ್ಕಾಲು ತಾಸೋ ಒಂದು ತಾಸೋ ಕಾಯಬೇಕು. ಹಾಲು ಅಥವಾ ತಿಂಡಿ ಕೊಡುತ್ತಾರೆ. ಔಷಧಿ ಪಿತ್ತಜನಕಾಂಗಕ್ಕೂ ಹೋಗಿರುತ್ತದೆ. ಅಲ್ಲಿಂದ ಇಳಿಯದಿದ್ದರೆ ಅದರ ಹೊಳಪು ಹೃದಯದ ಚಿತ್ರವನ್ನು ಕೆಡಿಸುತ್ತದೆ. ತಿಂದರೆ ಬೇಗ ಇಳಿಯುತ್ತದೆ. ನಂತರ ಕ್ಯಾಮೆರಾ ಕೆಳಗೆ ಕೈಗಳನ್ನು ತಲೆ ಮೇಲೆ ಚಾಚಿ ಹದಿನೈದಿಪ್ಪತ್ತು ನಿಮಿಷ ಅಲುಗಾಡದೆ ಮಲಗಬೇಕು. ಭುಜ ನೋವು ಇದ್ದವರು ಮುಂಚೆಯೇ ಹೇಳಿ, ದಿಂಬು ಇಟ್ಟು ಸರಿ ಮಾಡುತ್ತೇವೆ. ಕರಿಮಣಿ, ಚೈನು, ಲೋಹದ ಗುಂಡಿ ಎಲ್ಲ ತೆಗೆಯಬೇಕು. ಇನ್ನೊಮ್ಮೆ ವಿಶ್ರಾಂತಿಯಲ್ಲಿ ಸೂಜಿ, ಮತ್ತೆ ಚಿತ್ರ. ಒಟ್ಟು ನಾಲ್ಕೈದು ತಾಸು. ಕೆಲವರಿಗೆ ಎರಡು ದಿನ ಮಾಡುತ್ತಾರೆ, ಮೈ ಭಾರ ಜಾಸ್ತಿ ಇದ್ದವರಿಗೆ ಮುಖ್ಯವಾಗಿ. ಎರಡು ದಿನದ್ದಾ ಒಂದೇ ದಿನದ್ದಾ ಅಂತ ಹೊರಡುವ ಮುಂಚೆ ಕೇಳಿ. ಇಲ್ಲದಿದ್ದರೆ ರಾತ್ರಿ ಉಳಿಯಲು ಜಾಗ ಹುಡುಕಬೇಕಾಗುತ್ತದೆ.

ಬೈತಖೋಲ (ಕಾರವಾರ)

ನನ್ನ ತಾಯಿಗೆ ಬರೆದುಕೊಟ್ಟು ಎರಡು ವಾರ ಆಯಿತು. ಅವರು ಒಪ್ಪುತ್ತಲೇ ಇಲ್ಲ. ‘ಕೈಗಾದಲ್ಲಿ ಇರುವುದನ್ನು ನನ್ನ ಮೈಗೆ ಚುಚ್ಚುತ್ತಾರಾ’ ಅನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ಇದ್ದಾಳೆ, ಅವಳಿಗೆ ತಾಗುತ್ತದೆ ಅಂತ ಹೆದರಿಕೆ. ಇನ್ನೊಂದು, ಅವರಿಗೆ ಸಿಗಡಿ ತಿಂದರೆ ಮೈಯೆಲ್ಲ ಕೆಂಪಾಗಿ ತುರಿಕೆ ಬರುತ್ತದೆ. ಡೈ ಹಾಕಿದರೆ ಅಲರ್ಜಿ ಆಗುತ್ತದೆ ಅಂತ ಯಾರೋ ಹೇಳಿದ್ದಾರೆ. ಕಿಡ್ನಿ ಕ್ರಿಯಾಟಿನಿನ್ ಸಹ ಸ್ವಲ್ಪ ಜಾಸ್ತಿ ಇದೆ. ಏನು ಹೇಳಿ ಒಪ್ಪಿಸಲಿ?

ಮಲ್ಲಾಪುರ_ನಿವೃತ್ತ

ಬೈತಖೋಲದವರೇ, ನಿಮ್ಮ ತಾಯಿಯ ಹೆದರಿಕೆ ನನಗೆ ಪೂರ್ತಿ ಅರ್ಥ ಆಗುತ್ತದೆ. ನಾನು ಕೈಗಾದಲ್ಲಿ ವಿಕಿರಣ ಸುರಕ್ಷತೆಯ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಈ ಜಿಲ್ಲೆಯಲ್ಲಿ ‘ಅಣು’ ಅನ್ನುವ ಶಬ್ದಕ್ಕೆ ಬೇರೆಯದೇ ತೂಕ ಇದೆ. ಸ್ಥಾವರ ಕಟ್ಟುವಾಗ 1994ರಲ್ಲಿ ಗುಮ್ಮಟದ ಒಳಪದರ ಕುಸಿದು ಬಿದ್ದದ್ದು ಆ ಕಾಲದ ಎಲ್ಲರಿಗೂ ನೆನಪಿದೆ. ಆಗ ಒಳಗೆ ಇಂಧನ ಇನ್ನೂ ಹಾಕಿರಲಿಲ್ಲ. ಆದರೆ ಹೆದರಿಕೆ ಉಳಿಯಿತು. ಹೆದರಿದವರನ್ನು ದಡ್ಡರು ಅನ್ನಬಾರದು.

ತಾಯಿಗೆ ಹೀಗೆ ಹೇಳಿ. ಕೈಗಾದಲ್ಲಿ ನಾಲ್ಕು ಘಟಕ ಇವೆ, ಒಂದೊಂದು 220 ಮೆಗಾವ್ಯಾಟ್. ಅಲ್ಲಿ ಯುರೇನಿಯಂ ಒಡೆದು ಬರುವ ಶಾಖದಿಂದ ಕರೆಂಟ್ ಮಾಡುತ್ತಾರೆ. ಸ್ಕ್ಯಾನ್‌ನಲ್ಲಿ ಯಾವ ಒಡೆಯುವ ಕೆಲಸವೂ ಇಲ್ಲ. ಕಣ್ಣಿಗೆ ಕಾಣದಷ್ಟು ಟೆಕ್ನೀಷಿಯಂ ಮೈಯೊಳಗೆ ಹೋಗಿ ಸಣ್ಣಗೆ ಗಾಮಾ ಕಿರಣ ಬಿಡುತ್ತದೆ. ಹೊರಗಿನ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಕಿರಣ ಹೊರಗಿಂದ ಒಳಗೆ ಹೋಗುತ್ತದೆ, ಇಲ್ಲಿ ಒಳಗಿಂದ ಹೊರಗೆ ಬರುತ್ತದೆ.

ಪೂರ್ತಿ ಸಂಬಂಧ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಟೆಕ್ನೀಷಿಯಂ ಹುಟ್ಟುವುದು ಮಾಲಿಬ್ಡಿನಂ-99ರಿಂದ. ಆ ಮಾಲಿಬ್ಡಿನಂ ಬರುವುದು ರಿಯಾಕ್ಟರ್‌ನಿಂದಲೇ. ಆದರೆ ಅದು ಕರೆಂಟ್ ಮಾಡುವ ಕೈಗಾದಂಥದ್ದಲ್ಲ, ಐಸೊಟೋಪ್ (ಇಂಥ ವಿಕಿರಣ ವಸ್ತು) ಮಾಡುವ ಸಂಶೋಧನಾ ರಿಯಾಕ್ಟರ್. ಟ್ರಾಂಬೆಯ ಧ್ರುವ ಅಂಥದ್ದು.

ಪ್ರಮಾಣದ ಲೆಕ್ಕ ಕೊಡುತ್ತೇನೆ. ಮಣ್ಣು, ಕಲ್ಲು, ಆಕಾಶದಿಂದ ಪ್ರಪಂಚದ ಸಾಮಾನ್ಯ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತಲೇ ಇರುತ್ತದೆ. ಟೆಕ್ನೀಷಿಯಂನ ಎರಡೂ ಸೂಜಿ ಸೇರಿದರೆ ಸಾಮಾನ್ಯವಾಗಿ 8ರಿಂದ 12. ಅಂದರೆ ನಾಲ್ಕೈದು ವರ್ಷದ್ದು ಒಂದೇ ಸಲ ಬಂದ ಹಾಗೆ. ಥಾಲಿಯಂ ಆದರೆ ಇದಕ್ಕಿಂತ ಜಾಸ್ತಿ. ವಿಕಿರಣ ಇರುವ ಜಾಗದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ನಮ್ಮ ದೇಶದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷಕ್ಕೆ 30. ಹಾಗಾಗಿ ಎದೆನೋವು ಇರುವ ಹಿರಿಯರು ಇದಕ್ಕೆ ಹೆದರಿ ಪರೀಕ್ಷೆ ಬಿಡುವುದು ಸರಿಯಲ್ಲ. ಹಾಗೆಯೇ ಏನೂ ತೊಂದರೆ ಇಲ್ಲದ 35 ವರ್ಷದವರು ‘ಒಮ್ಮೆ ನೋಡಿಬಿಡೋಣ’ ಅಂತ ಮಾಡಿಸುವುದೂ ಸರಿಯಲ್ಲ.

ಮೊಮ್ಮಗಳ ವಿಷಯ. 6 ತಾಸಿಗೆ ಅರ್ಧ, 12 ತಾಸಿಗೆ ಕಾಲು, 24 ತಾಸಿಗೆ ಹದಿನಾರರಲ್ಲಿ ಒಂದು ಪಾಲು. ಇದು ತಾನಾಗಿ ಇಳಿಯುವುದು. ಮೂತ್ರದಲ್ಲಿ, ಮಲದಲ್ಲಿ ಹೋಗುವುದು ಬೇರೆ. ಅವತ್ತು ರಾತ್ರಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಳ್ಳುವುದು ಬೇಡ. ಒಂದೇ ಮನೆಯಲ್ಲಿ ಇರಬಹುದು, ಮಾತಾಡಿಸಬಹುದು, ಅಡುಗೆ ಮಾಡಬಹುದು. ನೀರು ಜಾಸ್ತಿ ಕುಡಿಯಲಿ, ಶೌಚಾಲಯಕ್ಕೆ ಚೆನ್ನಾಗಿ ನೀರು ಹಾಕಲಿ, ಕೈ ಸೋಪು ಹಾಕಿ ತೊಳೆಯಲಿ. ಮಾರನೇ ದಿನ ಎತ್ತಿಕೊಳ್ಳಲಿ.

ಸ್ಥಾವರದಲ್ಲಿ ಈಗಲೂ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು, ಗುತ್ತಿಗೆಯವರಿಗೂ ಸೇರಿ. ಈ ಸ್ಕ್ಯಾನ್ ಆದ ಮೇಲೆ ಹೇಳದೆ ಡ್ಯೂಟಿಗೆ ಹೋದರೆ ಗೇಟಿನ ಮಾನಿಟರ್ ಕೂಗುತ್ತದೆ. ಮುಂಚೆಯೇ ತಿಳಿಸಿ, ಚೀಟಿ ತೋರಿಸಿ. ಆಸ್ಪತ್ರೆಗೆ ಹೋಗುವಾಗ ಮೈಗೆ ತಾಗಿದ ವಿಕಿರಣ ಅಳೆಯುವ ನಿಮ್ಮ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡು ಹೋಗಬೇಡಿ. ಗೋವಾದಿಂದ ವಿಮಾನ ಹತ್ತುವವರೂ ಆಸ್ಪತ್ರೆಯ ಚೀಟಿ ಜೊತೆಗಿಟ್ಟುಕೊಳ್ಳಿ. ಕೆಲವು ವಿಮಾನ ನಿಲ್ದಾಣಗಳಲ್ಲಿ ವಿಕಿರಣ ಹಿಡಿಯುವ ಯಂತ್ರ ಇರುತ್ತವೆ. ಥಾಲಿಯಂ ಆಗಿದ್ದರೆ ಕೆಲವು ವಾರ ಆದ ಮೇಲೂ ಅವು ಕೂಗಬಹುದು.

ಗಾಮಾ_ಕ್ಯಾಮೆರಾ (ಊರು ಹೊನ್ನಾವರ)

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಸಿಗಡಿ ಮತ್ತು ಕಿಡ್ನಿ ಬಗ್ಗೆ ನಾನು ಹೇಳುತ್ತೇನೆ. ಇದು ಆಂಜಿಯೋಗ್ರಾಂಗೆ ಹಾಕುವ ಅಯೋಡಿನ್ ಡೈ ಅಲ್ಲ. ಇದರಲ್ಲಿ ಅಯೋಡಿನ್ ಇಲ್ಲ, ಕಿಡ್ನಿಗೆ ಪೆಟ್ಟು ಕೊಡುವುದಿಲ್ಲ. ಕ್ರಿಯಾಟಿನಿನ್ ಜಾಸ್ತಿ ಇದ್ದವರಿಗೆ ಡಾಕ್ಟರ್ ಈ ಸ್ಕ್ಯಾನ್ ಬರೆಯಲು ಇದೂ ಒಂದು ಕಾರಣ. ಸಿಗಡಿ ಅಲರ್ಜಿಗೂ ಇದಕ್ಕೂ ಸಂಬಂಧ ಇಲ್ಲ. ಆದರೂ ಅಲರ್ಜಿ ಇದೆ ಅಂತ ಹೇಳಿಕೊಳ್ಳುವುದು ಒಳ್ಳೆಯದೇ.

ಗರ್ಭಿಣಿ ಆಗಿರಬಹುದು ಅನ್ನುವ ಸಣ್ಣ ಸಂಶಯ ಇದ್ದರೂ ಬಾಯಿಬಿಟ್ಟು ಹೇಳಿ. ಹಾಲುಣಿಸುವ ತಾಯಿ ಆದರೆ ಎಷ್ಟು ಹೊತ್ತು ಬಿಡಬೇಕು ಅಂತ ಮುಂಚೆ ಕೇಳಿ. ಬೇಕಾದರೆ ಹಾಲು ತೆಗೆದಿಟ್ಟು ಬರಬಹುದು.

ಇನ್ನೊಂದು ಮಾತು ನಮ್ಮ ಜಿಲ್ಲೆಯವರಿಗೆ ತುಂಬಾ ಮುಖ್ಯ. ನಿಮ್ಮ ಔಷಧಿಯನ್ನು ಅವತ್ತು ಬೆಳಿಗ್ಗೆ ನಿಮಗಾಗಿಯೇ ತಯಾರು ಮಾಡುತ್ತೇವೆ. ಮಾಲಿಬ್ಡಿನಂ ತುಂಬಿದ ಜನರೇಟರ್ ಡಬ್ಬಿ ಬರುತ್ತದೆ. ಅದರ ಶಕ್ತಿ 66 ತಾಸಿಗೆ ಅರ್ಧ ಆಗುತ್ತಾ ಹೋಗುತ್ತದೆ. ಅದರಿಂದ ಕರೆದ ಟೆಕ್ನೀಷಿಯಂ ಇನ್ನೂ ಬೇಗ ಇಳಿಯುತ್ತದೆ. ಅದನ್ನು ಫ್ರಿಜ್‌ನಲ್ಲಿಟ್ಟು ನಾಳೆ ಕೊಡಲು ಆಗುವುದಿಲ್ಲ. ಮಳೆಗಾಲದಲ್ಲಿ ಹೆದ್ದಾರಿ 66ರಲ್ಲಿ ಗುಡ್ಡ ಕುಸಿದು ನಿಂತಿದ್ದರೆ ನಿಂತ ಜಾಗದಿಂದಲೇ ವಿಭಾಗಕ್ಕೆ ಫೋನ್ ಮಾಡಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಒಂದು ತಾಸು ತಡ ಅಂತ ಗೊತ್ತಾದರೆ ನಿಮ್ಮ ಸರದಿ ಹಿಂದೆ ಹಾಕಿ ಬೇರೆಯವರನ್ನು ಮುಂದೆ ತೆಗೆದುಕೊಳ್ಳುತ್ತೇವೆ. ಹೇಳದಿದ್ದರೆ ಔಷಧಿಯೂ ಹೋಯಿತು, ನಿಮ್ಮ ದಿನವೂ ಹೋಯಿತು. ಆಸ್ಪತ್ರೆಯ ದೊಡ್ಡ ನಂಬರ್ ಅಲ್ಲ, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ನೇರ ನಂಬರ್ ಬರೆದಿಟ್ಟುಕೊಳ್ಳಿ.

ಕಡಲತಡಿ (ಅಂಕೋಲಾ)

ನನ್ನ ಹೆಂಡತಿಗೆ ದಮ್ಮು ಇದೆ. ದಿನಾ ಡೆರಿಫಿಲಿನ್ ನುಂಗುತ್ತಾಳೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಅದರಲ್ಲಿ ಥಿಯೋಫಿಲಿನ್ ಇದೆ, ಅದೂ ಚಹಾದ ಕೆಫೀನ್ ಹಾಗೆಯೇ ಅಡೆನೊಸಿನ್‌ಗೆ ಅಡ್ಡ ಬರುತ್ತದೆ ಅಂತ. ಅದಕ್ಕಿಂತ ದೊಡ್ಡ ವಿಷಯ, ದಮ್ಮು ಏಳುತ್ತಿದ್ದಾಗ ಅಡೆನೊಸಿನ್ ಕೊಟ್ಟರೆ ಉಸಿರಿನ ನಾಳ ಇನ್ನೂ ಬಿಗಿಯಾಗಬಹುದಂತೆ. ಅವಳ ಎದೆಯಲ್ಲಿ ಅವತ್ತು ಸುಂಯ್‌ಗುಟ್ಟುವ ಸದ್ದು ಇತ್ತು. ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ಕೇಳಿ ಅಡೆನೊಸಿನ್ ಬೇಡ ಅಂದರು. ಡೊಬುಟಮಿನ್ ಅನ್ನುವ ಬೇರೆ ಔಷಧಿಯಲ್ಲಿ ಇನ್ನೊಂದು ದಿನ ಮಾಡಿದರು. ದಮ್ಮು ಇದೆ ಅಂತ ತಾರೀಕು ಕೇಳುವಾಗಲೇ ಹೇಳಿ. ಇನ್‌ಹೇಲರ್ ಜೊತೆಗೇ ಇರಲಿ. ಹಾಗಂತ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ನಾವು ಹಾಗೆ ಮಾಡಲು ಹೋಗಿ ರಾತ್ರಿಯಿಡೀ ಕೂತು ಕಳೆದೆವು.

ಸಿಸ್ಟರ್ (ಭಟ್ಕಳ)

ಮಾತ್ರೆ ಬಿಡುವ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೆಟೊಪ್ರೊಲಾಲ್, ಅಟೆನೊಲಾಲ್ ನಾಡಿ ಬಡಿತವನ್ನು ಇಳಿಸುತ್ತವೆ. ಟ್ರೆಡ್‌ಮಿಲ್‌ನಲ್ಲಿ ಬಡಿತ ಏರಬೇಕು. ಹಾಗಾಗಿ ಒಂದೆರಡು ದಿನ ಮುಂಚೆ ನಿಲ್ಲಿಸಲು ಕೆಲವರಿಗೆ ಹೇಳುತ್ತಾರೆ. ಎಲ್ಲರಿಗೂ ಅಲ್ಲ. ಈಗಾಗಲೇ ಅಟ್ಯಾಕ್ ಆದವರು, ಎದೆನೋವು ಇರುವವರು ಇದನ್ನು ತಟ್ಟನೆ ಬಿಟ್ಟರೆ ಅಪಾಯ. ಬರೆದುಕೊಟ್ಟ ಡಾಕ್ಟರ್ ಬಾಯಿಂದ ಕೇಳಿಯೇ ಬಿಡಿ. ಮಾತ್ರೆಯ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ‘ಬಿಳಿ ಮಾತ್ರೆ, ಸಣ್ಣದು’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ.

ಶುಗರ್ ಇರುವವರು ಇನ್ನೂ ಜಾಗ್ರತೆ. ಖಾಲಿ ಹೊಟ್ಟೆ, ನಾಲ್ಕು ತಾಸು ಕಾರು, ಮೇಲಿಂದ ಬೆಳಗಿನ ಇನ್ಸುಲಿನ್. ದಾರಿಯಲ್ಲೇ ಶುಗರ್ ಇಳಿದು ತಲೆ ತಿರುಗಿ ಬಿದ್ದವರನ್ನು ನಾನು ನೋಡಿದ್ದೇನೆ. ಅವತ್ತಿನ ಇನ್ಸುಲಿನ್, ಮಾತ್ರೆ ಎಷ್ಟು ಅಂತ ಮುಂಚೆ ಬರೆಸಿಕೊಳ್ಳಿ. ಸಕ್ಕರೆ ಜೊತೆಗಿರಲಿ. ಬೆವರು, ನಡುಕ ಬಂದರೆ ಪರೀಕ್ಷೆ ಹಾಳಾದರೂ ಆಗಲಿ, ಸಕ್ಕರೆ ಬಾಯಿಗೆ ಹಾಕಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ. ಈ ಸ್ಕ್ಯಾನ್ ಈಗ ಆಗುತ್ತಿರುವ ಅಟ್ಯಾಕ್‌ಗೆ ಅಲ್ಲ. ಕೂತಲ್ಲೇ ಎದೆ ಒತ್ತಿ ಬೆವರುತ್ತಿದ್ದರೆ, ಎಡಗೈಗೋ ದವಡೆಗೋ ನೋವು ಹರಿಯುತ್ತಿದ್ದರೆ ‘ಸೋಮವಾರ ಸ್ಕ್ಯಾನ್ ಇದೆಯಲ್ಲ’ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ದೊಡ್ಡ ಆಸ್ಪತ್ರೆಯ ದಾರಿ ನಮಗೆ ತಾಸುಗಟ್ಟಲೆ. ಆ ತಾಸುಗಳಲ್ಲಿ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ.

ತೋಟದಮನೆ (ಶಿರಸಿ)

ಅಪ್ಪಯ್ಯನನ್ನು ಹೋದ ವಾರ ಕರೆದುಕೊಂಡು ಹೋಗಿ ಬಂದೆ. ಕವಳ ಬಿಟ್ಟರು, ಸಿಟ್ಟು ಮಾಡಿಕೊಂಡೇ ಬಿಟ್ಟರು. ಸ್ಕ್ಯಾನ್‌ನಲ್ಲಿ ‘ಬ್ಲಾಕ್ ಎಷ್ಟು ಪರ್ಸೆಂಟ್’ ಅಂತ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅಲ್ಲಿನ ಡಾಕ್ಟರ್ ತಾಳ್ಮೆಯಿಂದ ಹೇಳಿದರು. ನನಗೆ ತೋಟದ ಲೆಕ್ಕದಲ್ಲಿ ಅರ್ಥ ಆದದ್ದನ್ನು ಬರೆಯುತ್ತೇನೆ.

ತೋಟಕ್ಕೆ ಪೈಪು ಹಾಕಿದ್ದೇವೆ. ಒಂದು ಪೈಪಿನಲ್ಲಿ ಕೆಸರು ಕಟ್ಟಿದೆ. ಮಳೆಗಾಲದಲ್ಲಿ ಗೊತ್ತೇ ಆಗುವುದಿಲ್ಲ, ಮರಕ್ಕೆ ಬೇಕಾದಷ್ಟು ತೇವ ಇದ್ದೇ ಇರುತ್ತದೆ. ಏಪ್ರಿಲ್‌ನಲ್ಲಿ ಎಲ್ಲ ಮರವೂ ನೀರು ಕೇಳುತ್ತದೆ. ಆಗ ಆ ಪೈಪಿನ ಸಾಲು ಮಾತ್ರ ಬಾಡುತ್ತದೆ. ಸ್ಟ್ರೆಸ್ ಅಂದರೆ ಹೃದಯಕ್ಕೆ ಏಪ್ರಿಲ್ ತರಿಸುವುದು. ಸ್ಕ್ಯಾನ್ ಪೈಪನ್ನು ನೋಡುವುದಿಲ್ಲ, ಮರ ಬಾಡಿದೆಯಾ ಅಂತ ನೋಡುತ್ತದೆ. ಪೈಪು ನೋಡುವುದು ಆಂಜಿಯೋಗ್ರಾಂ.

ಸ್ಟ್ರೆಸ್‌ನಲ್ಲಿ ಬಾಡಿ ವಿಶ್ರಾಂತಿಯಲ್ಲಿ ಹಸಿರಾಗಿ ಕಂಡರೆ ಅಲ್ಲಿ ಮಾಂಸ ಬದುಕಿದೆ, ರಕ್ತ ಸಾಲುತ್ತಿಲ್ಲ. ಎರಡರಲ್ಲೂ ಬಾಡಿದ್ದರೆ ಸಾಮಾನ್ಯವಾಗಿ ಅದು ಹಳೆ ಅಟ್ಯಾಕ್‌ನ ಗಾಯದ ಕಲೆ. ವರದಿಯಲ್ಲಿ ಮೊದಲನೆಯದಕ್ಕೆ ‘ರಿವರ್ಸಿಬಲ್’, ಎರಡನೆಯದಕ್ಕೆ ‘ಫಿಕ್ಸ್ಡ್’ ಅಂತ ಬರೆದಿರುತ್ತದೆ. ‘ಇಎಫ್’ ಅಂತ ಒಂದು ಸಂಖ್ಯೆ ಇರುತ್ತದೆ, ಹೃದಯ ಒಂದು ಹಿಂಡಿಗೆ ಎಷ್ಟು ಪಾಲು ರಕ್ತ ಹೊರಗೆ ತಳ್ಳುತ್ತದೆ ಅಂತ. 50ರ ಮೇಲಿದ್ದರೆ ಹೆಚ್ಚಿನವರಿಗೆ ಸರಿ. ಅಪ್ಪಯ್ಯನದು 58. ಬಾಡಿದ್ದು ಎಲ್ಲೂ ಇಲ್ಲ. ಸ್ಟ್ರೆಸ್ ಚಿತ್ರವೇ ಪೂರ್ತಿ ಚೆನ್ನಾಗಿ ಬಂದದ್ದರಿಂದ ಎರಡನೇ ಸೂಜಿ ಬೇಡ ಅಂದರು. ವಿಕಿರಣವೂ ಕಡಿಮೆ ಆಯಿತು, ಕತ್ತಲಾಗುವ ಮುಂಚೆ ಘಟ್ಟ ಹತ್ತಿ ಮನೆ ಸೇರಿದೆವು. ಇದು ಸಾಧ್ಯವಾ ಅಂತ ಎಲ್ಲರೂ ಕೇಳಬೇಕು.

ಗೋಕರ್ಣ_ರಸ್ತೆ

ನನಗೆ ಸ್ಟೆಂಟ್ ಹಾಕಿ ಮೂರು ವರ್ಷ. ಈಗ ಏನೂ ತೊಂದರೆ ಇಲ್ಲ. ಗದ್ದೆ ಕೆಲಸ ಮಾಡುತ್ತೇನೆ. ಧೈರ್ಯಕ್ಕೆ ಪ್ರತಿ ವರ್ಷ ಈ ಸ್ಕ್ಯಾನ್ ಮಾಡಿಸುತ್ತೇನೆ. ಸರಿ ಅಲ್ವಾ?

ಗಾಮಾ_ಕ್ಯಾಮೆರಾ (ಊರು ಹೊನ್ನಾವರ)

ನನ್ನ ವಿಭಾಗಕ್ಕೇ ಬರಬೇಡಿ ಅಂತ ಹೇಳಿದ ಹಾಗೆ ಆಗಬಹುದು, ಆದರೂ ಹೇಳುತ್ತೇನೆ. ತೊಂದರೆ ಇಲ್ಲದವರಿಗೆ ವರ್ಷ ವರ್ಷ ಇದು ಬೇಕಾಗಿಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಸ್ಟೆಂಟ್ ಹಾಕಿಸಿಕೊಂಡ, ಅಪಾಯ ಜಾಸ್ತಿ ಇರುವ 1,706 ಜನ ಅದರಲ್ಲಿದ್ದರು. ಅರ್ಧ ಜನರಿಗೆ ಒಂದು ವರ್ಷಕ್ಕೆ ಕಡ್ಡಾಯವಾಗಿ ಸ್ಟ್ರೆಸ್ ಪರೀಕ್ಷೆ, ಉಳಿದವರಿಗೆ ತೊಂದರೆ ಬಂದರೆ ಮಾತ್ರ. ಎರಡು ವರ್ಷದ ಕೊನೆಗೆ ನೋಡಿದರೆ ಕಡ್ಡಾಯ ಪರೀಕ್ಷೆಯಿಂದ ಲಾಭ ಕಾಣಲಿಲ್ಲ. ಉಸಿರು ಕಟ್ಟುವುದು, ಎದೆ ಬಿಗಿ, ಮೊದಲಿನಷ್ಟು ಕೆಲಸ ಆಗದಿರುವುದು, ಇಂಥದ್ದು ಬಂದರೆ ಮಾಡಿಸಿ. ಮುಂದಿನ ಸಲ ನಿಮ್ಮ ಡಾಕ್ಟರ್ ಹತ್ತಿರ ಈ ಮಾತು ಎತ್ತಿ. ಆ ದುಡ್ಡಿಗೆ ಕೊಲೆಸ್ಟರಾಲ್ ಮಾತ್ರೆ ತಪ್ಪದೆ ತೆಗೆದುಕೊಂಡರೆ ನಿಮಗೆ ಹೆಚ್ಚು ಉಪಯೋಗ.

ಹಳದೀಪುರ

ಹೆಂಗಸರ ಪರವಾಗಿ ಒಂದು ಮಾತು. ನನ್ನ ಸ್ಕ್ಯಾನ್‌ನಲ್ಲಿ ಹೃದಯದ ಮುಂದಿನ ಗೋಡೆಯಲ್ಲಿ ಮಸುಕು ಅಂತ ಬಂತು. ಮನೆಯವರೆಲ್ಲ ಕಂಗಾಲಾದರು. ಒಂದು ವಾರ ಯಾರಿಗೂ ನಿದ್ದೆ ಇಲ್ಲ. ಆಮೇಲೆ ಆಂಜಿಯೋಗ್ರಾಂ ಮಾಡಿದರೆ ಏನೂ ಇಲ್ಲ. ಸ್ತನದ ನೆರಳು ಅದು ಅಂತ ಹೇಳಿದರು. ಗಂಡಸರಿಗೆ ಹೊಟ್ಟೆಯ ಮೇಲಿನ ವಪೆಯ ನೆರಳು ಕೆಳಗಿನ ಗೋಡೆಯಲ್ಲಿ ಬರುತ್ತದಂತೆ. ಮಗುಚಿ ಮಲಗಿಸಿ ಇನ್ನೊಂದು ಚಿತ್ರ ತೆಗೆದರೆ, ಅಥವಾ ಕ್ಯಾಮೆರಾ ಜೊತೆ ಸಿಟಿ ಇದ್ದರೆ, ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ವರದಿ ಕೈಗೆ ಬಂದ ತಕ್ಷಣ ಅಳಬೇಡಿ. ‘ಇದು ನೆರಳು ಇರಬಹುದಾ?’ ಅಂತ ಕೇಳಿ.

ಗಾಮಾ_ಕ್ಯಾಮೆರಾ (ಊರು ಹೊನ್ನಾವರ)

ನಿಜ. ಇದರ ತಿರುವುಮುರುವೂ ಇದೆ. ತೋಟದಮನೆಯವರ ಲೆಕ್ಕದಲ್ಲೇ ಹೇಳುತ್ತೇನೆ. ಎಲ್ಲ ಪೈಪೂ ಒಂದೇ ಸಮ ಕಟ್ಟಿದ್ದರೆ ಎಲ್ಲ ಮರವೂ ಒಂದೇ ಸಮ ಸೊರಗುತ್ತವೆ. ಹೋಲಿಸಿ ನೋಡಲು ಹಸಿರು ಮರವೇ ಇರುವುದಿಲ್ಲ. ಆಗ ಚಿತ್ರ ಚೆನ್ನಾಗಿರುವ ಹಾಗೇ ಕಾಣಬಹುದು. ಮೂರೂ ನಾಳದಲ್ಲಿ ತೊಂದರೆ ಇದ್ದವರಿಗೆ ಕೆಲವೊಮ್ಮೆ ಹೀಗಾಗುತ್ತದೆ. ನಾರ್ಮಲ್ ಬಂದವರಿಗೆ ವರ್ಷದಲ್ಲಿ ಅಟ್ಯಾಕ್ ಅಥವಾ ಹೃದಯದಿಂದ ಸಾವು ಆಗುವುದು ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅದು ಒಳ್ಳೆಯ ಸುದ್ದಿಯೇ. ಆದರೆ ವರದಿ ನಾರ್ಮಲ್ ಇದ್ದೂ ದಿಬ್ಬ ಹತ್ತುವಾಗ ಎದೆ ಬಿಗಿ ಹಿಡಿಯುತ್ತಲೇ ಇದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ.

ಅಘನಾಶಿನಿ (ಕುಮಟಾ)

ಎಲ್ಲರಿಗೂ ಮನಸಾರೆ ಧನ್ಯವಾದ. ಅಪ್ಪನ ಸ್ಕ್ಯಾನ್ ಆಯಿತು. ಈ ಸಲ ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಸಂಬಂಧಿಕರ ಮನೆಯಲ್ಲಿ ಉಳಿದೆವು. ಅಡೆನೊಸಿನ್ ಹೋಗುವಾಗ ಅಪ್ಪ ನನ್ನ ಕಡೆ ನೋಡಿ ‘ನೀನು ಹೇಳಿದ್ದು ಇದೇ ಅಲ್ವಾ’ ಅಂದರು. ಹೆದರಲಿಲ್ಲ. ಮುಂಚೆ ಗೊತ್ತಿದ್ದುದರಿಂದಲೇ ಹೆದರಲಿಲ್ಲ.

ವರದಿಯಲ್ಲಿ ಕೆಳಗಿನ ಗೋಡೆಯಲ್ಲಿ ಸಣ್ಣ ಜಾಗದಲ್ಲಿ ರಿವರ್ಸಿಬಲ್ ಅಂತ ಬಂದಿದೆ. ಇಎಫ್ 60. ನಾನು ನೇರ ಆಂಜಿಯೋಗ್ರಾಂ, ಸ್ಟೆಂಟ್ ಅಂದುಕೊಂಡಿದ್ದೆ. ಡಾಕ್ಟರ್ ಮೊದಲು ಮಾತ್ರೆ ಅಂದರು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನದ ಬಗ್ಗೆ ಹೇಳಿದರು. ಅದರಲ್ಲಿದ್ದ 5,179 ಜನರಿಗೆ ಅಪ್ಪನಿಗಿಂತ ಜಾಸ್ತಿಯೇ ರಕ್ತದ ಕೊರತೆ ಇತ್ತಂತೆ. ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದವರಿಗೂ, ಮೊದಲು ಮಾತ್ರೆಯಿಂದ ಶುರು ಮಾಡಿದವರಿಗೂ ಸಾವು, ಅಟ್ಯಾಕ್‌ಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಎದೆನೋವು ಜಾಸ್ತಿ ಇದ್ದವರಿಗೆ ಮಾತ್ರ ಸ್ಟೆಂಟ್, ಬೈಪಾಸ್‌ನಿಂದ ನೋವು ಚೆನ್ನಾಗಿ ಕಡಿಮೆ ಆಯಿತು. ಎಡಬದಿಯ ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ದಾರಿ ಬೇರೆ ಅಂತಲೂ ಹೇಳಿದರು. ಆರು ವಾರ ಮಾತ್ರೆ ತೆಗೆದುಕೊಂಡು ದಿಬ್ಬ ಹತ್ತಿ ನೋಡಿ, ಆಗಲೂ ಬಿಗಿ ಬಂದರೆ ಆಂಜಿಯೋಗ್ರಾಂ ಅಂದಿದ್ದಾರೆ. ಮುಂಚೆ ಜಾಸ್ತಿಯಾದರೆ ಕಾಯಬೇಡಿ ಅಂದಿದ್ದಾರೆ.

ಬೈತಖೋಲ (ಕಾರವಾರ)

ತಾಯಿ ಒಪ್ಪಿದರು. ಮಲ್ಲಾಪುರದವರು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ‘ಅಲ್ಲೇ ಕೆಲಸ ಮಾಡಿದವರೇ ಹೇಳಿದ್ದಾರಾ’ ಅಂತ ಎರಡು ಸಲ ಕೇಳಿದರು. ಬುಧವಾರಕ್ಕೆ ತಾರೀಕು ಸಿಕ್ಕಿದೆ. ಮೊಮ್ಮಗಳನ್ನು ಅವತ್ತು ರಾತ್ರಿ ನನ್ನ ತಂಗಿ ಮಲಗಿಸಿಕೊಳ್ಳುತ್ತಾಳೆ.

ಯಲ್ಲಾಪುರ_ಕಾಡು

ನಮಗೆ ಮುಂದಿನ ಮಂಗಳವಾರ ಹುಬ್ಬಳ್ಳಿಯಲ್ಲಿ. ಚೀಲದಲ್ಲಿ ಏನೇನು ಇರಬೇಕು? ಆಮೇಲೆ ವರದಿ ಅವತ್ತೇ ಕೊಡುತ್ತಾರಾ?

ಅಘನಾಶಿನಿ (ಕುಮಟಾ)

ಹಳೆ ಇಸಿಜಿ, ಎಕೋ, ಆಂಜಿಯೋಗ್ರಾಂ ಏನಿದ್ದರೂ ಎಲ್ಲ. ನುಂಗುವ ಮಾತ್ರೆಗಳು. ಆಯುಷ್ಮಾನ್ ಕಾರ್ಡ್, ಆಧಾರ್. ಕಾರ್ಡ್ ನಡೆಯುತ್ತದಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನು ಮುಂಚೆ ಫೋನಿನಲ್ಲಿ ಕೇಳಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ, ನಡೆಯಲು ಆಗುವ ಚಪ್ಪಲಿ ಅಥವಾ ಬೂಟು. ಒಂದು ಶಾಲು, ಕ್ಯಾಮೆರಾ ಕೋಣೆ ತಂಪಿರುತ್ತದೆ. ಮನೆಯಿಂದಲೇ ತಿಂಡಿ ಕಟ್ಟಿಕೊಳ್ಳಿ, ಸೂಜಿ ಆದ ಮೇಲೆ ತಿನ್ನಲು ಬೇಕಾಗುತ್ತದೆ. ನಮಗೆ ವರದಿ ಮಾರನೇ ದಿನ ಸಿಕ್ಕಿತು. ಬರೀ ಕಾಗದ ತೆಗೆದುಕೊಂಡು ಬರಬೇಡಿ, ಚಿತ್ರಗಳ ಸಿಡಿಯನ್ನೂ ಕೇಳಿ ಪಡೆಯಿರಿ. ಮುಂದೆ ಎಂದಾದರೂ ಇನ್ನೊಂದು ಸ್ಕ್ಯಾನ್ ಆದರೆ ಹೋಲಿಸಿ ನೋಡಲು ಅದು ಬೇಕು. ಸೋಮವಾರ ಬೆಳಿಗ್ಗೆಯಿಂದಲೇ ಚಹಾ ಬಿಡಿ. ಕಾರಿನ ಡ್ರೈವರ್‌ಗೂ ಒಂದು ಮಾತು ಹೇಳಿಡಿ, ಕಲಘಟಗಿಯಲ್ಲಿ ಗಾಡಿ ನಿಲ್ಲಿಸಿದಾಗ ಎಲ್ಲರಿಗೂ ಅಂತ ಒಂದು ಲೋಟ ತಂದು ಕೈಗೆ ಕೊಟ್ಟುಬಿಡುತ್ತಾರೆ.